ಕೆರೆಯಂಚಿನ ರೆಸಾರ್ಟು, ಪಕ್ಕದ ಕುದುರೆ ಲಾಯ

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದವು. ಒಂದು ಕೆರೆ, ಅದರ ಪಕ್ಕದಲ್ಲಿ ಮೊದಲಿನಿಂದ ಇರುವ ಕುದುರೆ ಲಾಯ, ಈಗ ಅಲ್ಲಿಗೆ ಬರಲಿರುವ ರೆಸಾರ್ಟು. ಸವಾರಿ ಕಲಿಸುವವರಿಗೂ ವಾರಾಂತ್ಯದ ಹೋಟೆಲಿನವರಿಗೂ ಬೇಕಾದದ್ದು ಒಂದೇ ಬಗೆಯ ಜಾಗ: ನೀರು, ಮರ, ಬೆಂಗಳೂರಿನಿಂದ ಒಂದೆರಡು ಗಂಟೆಯ ದಾರಿ. ಹಾಗಾಗಿ ಇಬ್ಬರೂ ನೆರೆಹೊರೆಯಾಗುವುದು ಹೆಚ್ಚುತ್ತಿದೆ. ಹಣ ಹಾಕುವವರು, ಲಾಯದವರು, ಊರಿನವರು ಮೂವರೂ ಬರೆದಿದ್ದಾರೆ. ಕೆಲವರು ಹೆಸರು ಹಾಕಬೇಡಿ ಎಂದಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ಕೆರೆಯೊಂದರ ಪಕ್ಕ ನಮಗೆ 6 ಎಕರೆ ಜಮೀನಿದೆ. 30 ಕೋಣೆಗಳ ರೆಸಾರ್ಟ್ ಮಾಡುವ ಯೋಚನೆ. ಬೇಲಿಯಾಚೆ 18 ಕುದುರೆಗಳ ಲಾಯವಿದೆ. ಬ್ಯಾಂಕಿನವರು ಜಾಗ ನೋಡಲು ಬಂದ ದಿನ ಲದ್ದಿ ವಾಸನೆ ಹೊಡೆಯುತ್ತಿತ್ತು, ನೊಣ ಮುತ್ತುತ್ತಿದ್ದವು. ಅಂದಿನಿಂದ ನಿದ್ದೆ ಇಲ್ಲ. ಒಮ್ಮೆ ಬಂದ ಅತಿಥಿ ಮತ್ತೆ ಬಾರದಿದ್ದರೆ ಗತಿಯೇನು? ಲಾಯದವರಿಗೆ ದುಡ್ಡು ಕೊಟ್ಟು ಎಬ್ಬಿಸಿಬಿಡುವುದು ವಾಸಿಯೇ?
(ತುಮಕೂರು ಜಿಲ್ಲೆಯ ಓದುಗರು)

ಉತ್ತರ: ಸಾಲ ತೆಗೆಯಲು ಹೊರಟವರಿಗೆ ಇಂಥ ಚಿಂತೆ ಬಾರದಿದ್ದರೇ ಆಶ್ಚರ್ಯ. ಆದರೆ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ನಿಮ್ಮನ್ನು ಹೆದರಿಸಿರುವ ವಾಸನೆ, ನೊಣ ಎರಡಕ್ಕೂ ಕಾರಣ ಗೊತ್ತಿದೆ, ಎರಡಕ್ಕೂ ದಾರಿಯಿದೆ. ಅಡಿಪಾಯ ತೋಡುವ ಮೊದಲೇ ಕೇಳಿದ್ದೀರಿ, ಅರ್ಧ ಕೆಲಸ ಆದಂತೆ.

ಮೊದಲು ಲೆಕ್ಕ ನೋಡೋಣ. ದೊಡ್ಡ ಕುದುರೆಯೊಂದು ಲದ್ದಿ, ಮೂತ್ರ ಸೇರಿ ದಿನಕ್ಕೆ 20ರಿಂದ 25 ಕಿಲೋ ಹಾಕುತ್ತದೆ. ಕೊಳೆಯಾದ ಹಾಸು (ಕುದುರೆ ಮಲಗಲು ಹರಡುವ ಹುಲ್ಲು ಅಥವಾ ಮರದ ಹೊಟ್ಟು) ಸೇರಿದರೆ ಇನ್ನೂ ಹೆಚ್ಚು. 18 ಕುದುರೆಗಳಿಂದ ದಿನಕ್ಕೆ ಹತ್ತಿರಹತ್ತಿರ ಅರ್ಧ ಟನ್. ಇದನ್ನು ಬೇಲಿಯ ಮೂಲೆಯಲ್ಲಿ ಬಯಲಿಗೆ ಸುರಿದರೆ ನೀವು ಕಂಡದ್ದೇ ಆಗುತ್ತದೆ. ಮೂಗಿಗೆ ಚುಚ್ಚುವುದು ಹೆಚ್ಚಾಗಿ ಮೂತ್ರದಲ್ಲಿ ನೆಂದ ಹಾಸಿನಿಂದ ಏಳುವ ಅಮೋನಿಯ (ಕಣ್ಣು, ಮೂಗು ಉರಿಸುವ ಅನಿಲ). ಅದು ಕುದುರೆಯ ಶ್ವಾಸಕೋಶಕ್ಕೂ ಕೆಟ್ಟದ್ದು. ಹಾಸನ್ನು ದಿನವೂ ಬದಲಿಸಿ ಎಂದು ನೀವು ಕೇಳಿಕೊಂಡರೆ ಅದರಿಂದ ಲಾಯದವರಿಗೂ ಲಾಭವೇ.

ನೊಣದ ವಿಷಯ ಇನ್ನೂ ಸರಳ. ಬಿಸಿಲುಗಾಲದಲ್ಲಿ ಮನೆನೊಣದ ಮೊಟ್ಟೆ ರೆಕ್ಕೆ ಬಲಿತ ನೊಣವಾಗಲು 7ರಿಂದ 10 ದಿನ ಸಾಕು. ಕಾಲಿಗೆ ಕಚ್ಚಿ ರಕ್ತ ಹೀರುವ ಲಾಯದ ನೊಣಕ್ಕೆ ಎರಡು ಮೂರು ವಾರ ಬೇಕು. ಅಷ್ಟರೊಳಗೆ ಲದ್ದಿ ಅಲ್ಲಿಂದ ಹೋದರೆ ಸಂತಾನ ಬೆಳೆಯುವುದಿಲ್ಲ. ಲದ್ದಿಯನ್ನು ದಿನವೂ ಎತ್ತಿ, ಮೇಲೆ ಸೂರು, ಕೆಳಗೆ ಸಿಮೆಂಟಿನ ನೆಲ ಇರುವ ಗೂಡಿನಲ್ಲಿ ರಾಶಿ ಹಾಕಿ, ಆಗಾಗ ಮಗುಚಬೇಕು. ಒಳಗಿನ ಕಾವು 55ರಿಂದ 65 ಡಿಗ್ರಿಗೆ ಏರುತ್ತದೆ. ಆ ಕಾವಿನಲ್ಲಿ ನೊಣದ ಹುಳುವೂ ಸಾಯುತ್ತದೆ, ಕುದುರೆಯ ಹೊಟ್ಟೆಹುಳುವಿನ ಮೊಟ್ಟೆಯೂ ಸಾಯುತ್ತದೆ. ಉಳಿಯುವುದು ಒಳ್ಳೆಯ ಗೊಬ್ಬರ. ತೆಂಗು, ಅಡಿಕೆ ತೋಟಗಳಿರುವ ನಿಮ್ಮ ಜಿಲ್ಲೆಯಲ್ಲಿ ಅದಕ್ಕೆ ಗಿರಾಕಿ ಹುಡುಕಬೇಕಾಗಿಲ್ಲ. ಬಿಳಿ ಗುಂಡಿ ಅಣಬೆ ಬೆಳೆಯುವವರಿಗೂ ಕುದುರೆ ಲದ್ದಿ ಹಳೆಯ ಕಾಲದಿಂದ ಬೇಕಾದ ವಸ್ತು.

ಇನ್ನು ನಿಮ್ಮ ನಕ್ಷೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಹೆಚ್ಚಿನ ವಾಸ್ತುಶಿಲ್ಪಿಗಳು ಜಾಗ ನೋಡುವುದು ಹಗಲಿನಲ್ಲಿ. ಹಗಲು ನೆಲ ಬಿಸಿಯಾಗಿ, ಗಾಳಿ ನೀರಿನ ಕಡೆಯಿಂದ ದಡಕ್ಕೆ ಬೀಸುತ್ತದೆ. ರಾತ್ರಿ ನೆಲ ತಣಿದ ಮೇಲೆ ಇದು ತಿರುಗುತ್ತದೆ. ತಂಪು ಗಾಳಿ ಇಳಿಜಾರು ಹಿಡಿದು ಮೆಲ್ಲಗೆ ಕೆರೆಯತ್ತ ಜಾರುತ್ತದೆ, ದಾರಿಯಲ್ಲಿ ಸಿಕ್ಕ ವಾಸನೆಯನ್ನೆಲ್ಲ ಹೊತ್ತು ತರುತ್ತದೆ. ಗಾಳಿಯಾಡದ ಚಳಿಗಾಲದ ಬೆಳಗಿನ ಜಾವ ಆ ವಾಸನೆ ತಗ್ಗಿನಲ್ಲಿ ತಂಗಿಬಿಡುತ್ತದೆ. ನೀರಿನಂಚಿನ ದುಬಾರಿ ಕಾಟೇಜುಗಳನ್ನು ಎಲ್ಲರೂ ಕಟ್ಟುವುದು ಅದೇ ತಗ್ಗಿನಲ್ಲಿ! ಲಾಯ ನಿಮಗಿಂತ ಎತ್ತರದಲ್ಲಿದ್ದರೆ, ಅದರ ನೇರ ಇಳಿಜಾರಿನಲ್ಲಿ ಮಲಗುವ ಕೋಣೆ ಬೇಡ. ಡಿಸೆಂಬರ್, ಜನವರಿಯಲ್ಲಿ ಒಂದು ರಾತ್ರಿ ಅಲ್ಲೇ ಉಳಿದು, ಬೆಳಗಿನ ಜಾವ ಒಂದು ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತದೆ ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ಲಾಯಕ್ಕೂ ಕೋಣೆಗಳಿಗೂ ನಡುವೆ ವಾಹನ ನಿಲ್ಲಿಸುವ ಜಾಗ, ಬಟ್ಟೆ ಒಗೆಯುವ ಮನೆ, ಉಗ್ರಾಣ, ಜನರೇಟರ್ ಕೋಣೆ ಇವನ್ನು ಇಡಿ. ಅಡುಗೆಮನೆ, ಊಟದ ಮನೆ ಲಾಯದಿಂದ ಎಷ್ಟು ದೂರ ಹೋದರೆ ಅಷ್ಟು ಒಳ್ಳೆಯದು. ನನ್ನ ಅಂದಾಜಿನಲ್ಲಿ ಲದ್ದಿ ಗೂಡಿಗೂ ಮಲಗುವ ಕೋಣೆಗೂ 100 ಮೀಟರ್ ಅಂತರ ಬೇಕು. 6 ಎಕರೆಯಲ್ಲಿ ಅದು ಸಿಕ್ಕುತ್ತದೆ. ನಡುವೆ ಹೊಳೆಮತ್ತಿ, ನೇರಳೆ, ಬೇವಿನ ಎರಡು ಸಾಲು ನೆಡಿ. ಈಗಲೇ ನೆಟ್ಟರೆ ಕಟ್ಟಡ ಮುಗಿಯುವ ಹೊತ್ತಿಗೆ ಆಳೆತ್ತರ ಮೀರಿರುತ್ತವೆ.

ಎಬ್ಬಿಸುವ ಯೋಚನೆ ಬಿಡಿ. ಲಾಯ ಹೋದ ಜಾಗಕ್ಕೆ ನಾಳೆ ಕಲ್ಯಾಣಮಂಟಪ ಬರಬಹುದು, ಸೈಟುಗಳ ಬಡಾವಣೆಯಾಗಬಹುದು, ಅದನ್ನು ತಡೆಯಲು ನಿಮ್ಮಿಂದಾಗದು. ಕುದುರೆ ಮೇಯುವ ಹುಲ್ಲುಗಾವಲು ಎಂದರೆ ಕಟ್ಟಡವಿಲ್ಲದ ಬಯಲು, ಅದೂ ನಿಮಗೆ ಕಾಸಿಲ್ಲದೆ ಸಿಕ್ಕಿದ ನೋಟ. ಲದ್ದಿಯ ಗೂಡನ್ನು ನಿಮ್ಮ ಖರ್ಚಿನಲ್ಲಿ ಕಟ್ಟಿಸಿಕೊಡಿ, ವಾರಕ್ಕೆರಡು ಟ್ರ್ಯಾಕ್ಟರ್ ಬಾಡಿಗೆ ನೀವೇ ಕೊಡಿ. ಈಜುಕೊಳದ ಖರ್ಚಿನ ಪಕ್ಕದಲ್ಲಿಟ್ಟರೆ ಅದು ಚಿಲ್ಲರೆ. ನಂತರ ಬಂದವರು ನೀವು, ಹೊಂದಿಕೊಳ್ಳುವ ಖರ್ಚೂ ನಿಮ್ಮದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ವಾಸ್ತು ಪ್ರಕಾರ ಪ್ರಾಣಿಗಳ ಕೊಟ್ಟಿಗೆ ವಾಯವ್ಯದಲ್ಲಿರಬೇಕಂತೆ. ನಮ್ಮ ಜಾಗಕ್ಕೆ ಪಕ್ಕದ ಲಾಯ ನೈಋತ್ಯಕ್ಕೆ ಬರುತ್ತದೆ. ಮನೆಯವರೆಲ್ಲ ಬೇಡ ಎನ್ನುತ್ತಿದ್ದಾರೆ.
(ಮೈಸೂರಿನ ಓದುಗರು)

ಉತ್ತರ: ಮನೆಯವರ ಮಾತನ್ನು ತಳ್ಳಿಹಾಕಬೇಡಿ. ಅವರ ಕಾರಣ ಬೇರೆ ಇರಬಹುದು, ಆದರೆ ನೈಋತ್ಯದ ಬಗ್ಗೆ ನನಗೂ ಒಂದು ಕಾರಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆಗಾಳಿ ಬೀಸುವುದು ಪಶ್ಚಿಮ, ನೈಋತ್ಯದ ಕಡೆಯಿಂದ. ಆ ನಾಲ್ಕು ತಿಂಗಳು ಲಾಯದ ಗಾಳಿ ನಿಮ್ಮ ಮೇಲೇ ಬರುತ್ತದೆ, ಹಾಸು ಒದ್ದೆಯಾಗಿ ವಾಸನೆ ಹೆಚ್ಚುವುದೂ ಆಗಲೇ. ಹಾಗೆಂದು ಜಾಗ ಬಿಡಬೇಕಿಲ್ಲ. ಕೋಣೆಗಳನ್ನು ಜಮೀನಿನ ಈಶಾನ್ಯದ ತುದಿಗೆ ಸರಿಸಿ, ಕಿಟಕಿ, ಜಗಲಿಗಳನ್ನು ಪೂರ್ವಕ್ಕೆ ತೆರೆಯಿರಿ, ನೈಋತ್ಯದ ಗೋಡೆಯನ್ನು ಮುಚ್ಚಿಡಿ. ಮನೆಯವರೂ ಒಪ್ಪುತ್ತಾರೆ ಎಂದು ಕಾಣುತ್ತದೆ.

ಪ್ರಶ್ನೆ: ನಮ್ಮದು ಚಿಕ್ಕ ಲಾಯ. 11 ಕುದುರೆ, ಅದರಲ್ಲಿ ಮೂರು ಗಬ್ಬದವು. ಪಕ್ಕದ ಜಮೀನನ್ನು ಹೋಟೆಲಿನವರು ಕೊಂಡಿದ್ದಾರೆ, ಮದುವೆಗಳನ್ನೂ ಮಾಡಿಸುತ್ತಾರಂತೆ. ಡಿಜೆ, ಪಟಾಕಿ ಎಂದರೆ ನನಗೆ ಜೀವ ಹಾರುತ್ತದೆ. ಮುಂದೆ ವಾಸನೆ ಎಂದು ದೂರು ಕೊಟ್ಟು ನಮ್ಮನ್ನೇ ಓಡಿಸಿದರೆ? ನಾವು ಮೊದಲು ಬಂದವರು, ಯಾರೂ ಏನೂ ಮಾಡಲಾಗದು ಎನ್ನುತ್ತಾರೆ ನಮ್ಮ ಯಜಮಾನರು. ನನಗೆ ಧೈರ್ಯ ಸಾಲದು.
(ಹೆಸರು, ಊರು ಬೇಡ ಎಂದವರು)

ಉತ್ತರ: ಅಮ್ಮಾ, ನಿಮ್ಮ ಭಯದಲ್ಲಿ ಹುರುಳಿದೆ. ಆದರೆ ಕೈಚೆಲ್ಲುವಂಥದ್ದು ಏನೂ ಆಗಿಲ್ಲ. ಹೋಟೆಲು ಇನ್ನೂ ಕಾಗದದ ಮೇಲಿದೆ, ಮಾತಾಡಲು ಇದೇ ಸಮಯ.

ನಿಮ್ಮ ಯಜಮಾನರ ಮಾತು ನ್ಯಾಯವಾಗಿ ಸರಿ, ಕಾನೂನಿನಲ್ಲಿ ಅರ್ಧ ಮಾತ್ರ ಸರಿ. ಸಾರ್ವಜನಿಕ ಉಪದ್ರವ (ಸುತ್ತಲಿನವರ ಆರೋಗ್ಯಕ್ಕೆ, ನೆಮ್ಮದಿಗೆ ತೊಂದರೆ) ಎಂದು ದೂರು ಬಂದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ನೋಟಿಸು ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಕಲಮಾಗಿತ್ತು. ಮೊದಲು ಬಂದಿದ್ದೇವೆ ಎಂಬುದೊಂದೇ ಅಲ್ಲಿ ಪೂರ್ತಿ ಗುರಾಣಿಯಾಗದು. ಲಾಯವನ್ನು ಚೊಕ್ಕಟವಾಗಿ ನಡೆಸುತ್ತಿದ್ದೇವೆ ಎಂಬ ದಾಖಲೆಯೂ ಜೊತೆಗಿದ್ದರೆ ಬಲ ಬರುತ್ತದೆ. ಪಂಚಾಯಿತಿಯ ಪರವಾನಗಿ, ತೆರಿಗೆ ರಸೀದಿ, ಪಶುವೈದ್ಯರ ತಪಾಸಣೆಯ ಪುಸ್ತಕ, ಲದ್ದಿ ಯಾವ ದಿನ ಯಾರ ತೋಟಕ್ಕೆ ಹೋಯಿತು ಎಂಬ ನೋಟ್‌ಬುಕ್ಕು, ಲಾಯದ ತಾರೀಖು ಇರುವ ಫೋಟೋಗಳು ಇವೆಲ್ಲ ಇಂದಿನಿಂದಲೇ ಒಂದು ಫೈಲಿನಲ್ಲಿರಲಿ.

ಸದ್ದಿನ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷದಲ್ಲಿ ಕೆಲವೇ ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೆ. ಆದರೆ ರಾತ್ರಿ 10ರವರೆಗಿನ ಸದ್ದೂ ನಿಮಗೆ ಕಷ್ಟವೇ ಎಂದು ಬಲ್ಲೆ. ಕುದುರೆಗೆ ನಮಗೆ ಕೇಳಿಸದಷ್ಟು ಕೀರಲಾದ ಸದ್ದೂ ಕೇಳುತ್ತದೆ. ನಿಂತೇ ತೂಕಡಿಸುತ್ತದಾದರೂ ಗಾಢ ನಿದ್ದೆಗೆ ಅದು ಮಲಗಲೇಬೇಕು, ಸುತ್ತ ಸುರಕ್ಷಿತ ಎನಿಸದಿದ್ದರೆ ಮಲಗುವುದಿಲ್ಲ. ಇನ್ನು ಗಬ್ಬದ ಕುದುರೆ. ಅದು ಹನ್ನೊಂದು ತಿಂಗಳು ಹೊತ್ತು, ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲೇ ಈಯುತ್ತದೆ, ಗಲಾಟೆ ಇದ್ದರೆ ಈಯುವುದನ್ನು ಮುಂದಕ್ಕೆ ತಳ್ಳುವ ಶಕ್ತಿಯೂ ಅದಕ್ಕಿದೆ. ನಮ್ಮ ದೇಶದಲ್ಲಿ ರೇಸಿನ ತಳಿಯ ಮರಿಗಳು ಹೆಚ್ಚಾಗಿ ಹುಟ್ಟುವುದು ಜನವರಿಯಿಂದ ಬೇಸಿಗೆಯವರೆಗೆ. ನಮ್ಮ ಮದುವೆಯ ಮುಹೂರ್ತಗಳು ತುಂಬಿರುವುದೂ ಆ ತಿಂಗಳುಗಳಲ್ಲೇ ಎಂಬುದನ್ನು ಹೋಟೆಲಿನವರಿಗೆ ನೀವೇ ತಿಳಿಸಬೇಕು. ಅವರಿಗೆ ಇದು ಖಂಡಿತ ಗೊತ್ತಿರುವುದಿಲ್ಲ.

ಹಾಗಾಗಿ ಅವರನ್ನು ಮನೆಗೆ ಕರೆದು ಕಾಫಿ ಕೊಟ್ಟು ಮಾತಾಡಿ, ಮಾತಾಡಿದ್ದನ್ನು ಕರಾರು ಪತ್ರವಾಗಿ ಬರೆಸಿಕೊಳ್ಳಿ. ಮದುವೆಯ ಹುಲ್ಲುಹಾಸು ಲಾಯದ ವಿರುದ್ಧ ದಿಕ್ಕಿಗಿರಲಿ, ಸ್ಪೀಕರುಗಳ ಮುಖ ನಿಮ್ಮತ್ತ ಬೇಡ. ಪಟಾಕಿ, ಹಾರುವ ಆಕಾಶಬುಟ್ಟಿ ಯಾವ ಕಾಲಕ್ಕೂ ಇಲ್ಲ. ಒಣಹುಲ್ಲಿನ ಬಣವೆ ಇರುವ ಜಾಗದ ಪಕ್ಕ ಇದಕ್ಕೆ ರಿಯಾಯಿತಿಯೇ ಕೂಡದು. ಮದುವೆಯ ಫೋಟೋ ತೆಗೆಯುವ ಡ್ರೋನು ನಿಮ್ಮ ಬಯಲಿನ ಮೇಲೆ ಬರಬಾರದು, ತಲೆಯ ಮೇಲೆ ಗುಂಯ್‌ಗುಟ್ಟುವ ವಸ್ತು ಕಂಡರೆ ಕುದುರೆ ಬೇಲಿ ಮುರಿದು ಓಡುತ್ತದೆ. ಕೋಣೆ ಕಾಯ್ದಿರಿಸುವವರಿಗೆ ‘ಪಕ್ಕದಲ್ಲಿ ಕುದುರೆ ಲಾಯವಿದೆ’ ಎಂದು ಮೊದಲೇ ತಿಳಿಸುವುದಾಗಿಯೂ ಅವರು ಒಪ್ಪಲಿ. ಗೊತ್ತಿದ್ದೇ ಬಂದವರು ವಾಸನೆಯೆಂದು ಜಗಳಕ್ಕೆ ನಿಲ್ಲುವುದು ಕಡಿಮೆ. ಕರಾರನ್ನು ನೋಂದಾಯಿಸಿ, ಹೋಟೆಲು ನಾಳೆ ಕೈಬದಲಾದರೆ ಹೊಸಬರನ್ನೂ ಅದು ಹಿಡಿದಿಡುವಂತೆ ಬರೆಯುವುದು ಹೇಗೆಂದು ವಕೀಲರನ್ನು ಕೇಳಿ.

ಪ್ರಶ್ನೆ: ನಮ್ಮವರಿಗೆ ಇಂಥದೊಂದು ರೆಸಾರ್ಟಿನಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿದೆ, ವಾಸವೂ ಅಲ್ಲೇ. ನಮಗೆ ಇಬ್ಬರು ಸಣ್ಣ ಮಕ್ಕಳು. ಕುದುರೆಯಿಂದ ಕಾಯಿಲೆ ಬರುತ್ತದೆ, ಅದರಲ್ಲೂ ಗ್ಲ್ಯಾಂಡರ್ಸ್ ಎಂಬುದು ಬಂದರೆ ಬದುಕುವುದಿಲ್ಲ ಎಂದು ಯಾರೋ ಹೇಳಿದರು. ಕೆರೆಯ ಸೊಳ್ಳೆ ಬೇರೆ. ಹೋಗುವುದೋ ಬೇಡವೋ?
(ಹಾಸನದ ಓದುಗರು)

ಉತ್ತರ: ಹೋಗಿ. ತಾಯಿಯಾಗಿ ನಿಮಗೆ ಬಂದ ಯೋಚನೆ ಸರಿಯಾದದ್ದೇ, ಒಂದೊಂದಾಗಿ ಬಿಡಿಸೋಣ.

ಗ್ಲ್ಯಾಂಡರ್ಸ್ (ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ, ಅಪರೂಪಕ್ಕೆ ಮನುಷ್ಯರಿಗೂ ಅಂಟುವ ಬ್ಯಾಕ್ಟೀರಿಯಾ ಕಾಯಿಲೆ) ನಿಜಕ್ಕೂ ಗಂಭೀರ. ಮೂಗಿನಿಂದ ಗಟ್ಟಿ ಸಿಂಬಳ ಸುರಿಯುವುದು, ಚರ್ಮದ ಮೇಲೆ ಗಂಟೆದ್ದು ಒಡೆಯುವುದು ಅದರ ಲಕ್ಷಣ. ಮನುಷ್ಯರಿಗೆ ಅಂಟುವುದು ರೋಗವಿರುವ ಕುದುರೆಯನ್ನು ದಿನವೂ ಹತ್ತಿರದಿಂದ ನೋಡಿಕೊಳ್ಳುವವರಿಗೆ, ಅದೂ ತೀರ ವಿರಳ. ಬೇಲಿಯಾಚೆ ಆಡುವ ಮಗುವಿಗೆ ಗಾಳಿಯಲ್ಲಿ ಹಾರಿ ಬರುವಂಥದ್ದಲ್ಲ. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯಂತೆ ಅನುಮಾನ ಬಂದರೂ ಸರ್ಕಾರಕ್ಕೆ ತಿಳಿಸಲೇಬೇಕು. ರಕ್ತದ ಮಾದರಿಯನ್ನು ಪರೀಕ್ಷಿಸಲು ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಹೊರಗಿನಿಂದ ಹೊಸ ಕುದುರೆ ತಂದಾಗ ರಕ್ತ ಪರೀಕ್ಷೆಯ ವರದಿ ತರಿಸುತ್ತೀರಾ, ಕೆಲವು ವಾರ ಬೇರೆ ಕಟ್ಟುತ್ತೀರಾ ಎಂದು ಲಾಯದವರನ್ನು ಕೇಳಲು ನಿಮ್ಮವರಿಗೆ ಹೇಳಿ. ಹೌದು ಎಂದರೆ ನೆಮ್ಮದಿಯಾಗಿರಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೆಚ್ಚು ಗಮನ ಕೊಡುವುದು ಧನುರ್ವಾಯುವಿಗೆ (ಗಾಯದ ಮೂಲಕ ಬಂದು ಸ್ನಾಯುಗಳನ್ನು ಬಿಗಿಯಿಸುವ ರೋಗ). ಅದರ ರೋಗಾಣು ಮಣ್ಣಿನಲ್ಲೂ ಇರುತ್ತದೆ, ಕುದುರೆಯ ಕರುಳಿನಲ್ಲೂ ಇರುತ್ತದೆ, ಲದ್ದಿಯ ಜೊತೆ ನೆಲಕ್ಕೆ ಬೀಳುತ್ತದೆ. ಮಕ್ಕಳ ಲಸಿಕೆಯ ಕಾರ್ಡು ತೆಗೆದು ನೋಡಿ, ಬಿಟ್ಟುಹೋಗಿದ್ದರೆ ಹಾಕಿಸಿ. ದೊಡ್ಡವರು ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಬರಿಗಾಲಲ್ಲಿ ಓಡಾಟ ಬೇಡ, ಕುದುರೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ.

ಸೊಳ್ಳೆಯಿಂದ ಬರುವ ಮೆದುಳು ಜ್ವರದಲ್ಲಿ (ಜಪಾನೀಸ್ ಎನ್‌ಸೆಫಲೈಟಿಸ್) ವೈರಾಣು ಬೆಳೆಯುವುದು ಹಂದಿ ಮತ್ತು ನೀರುಹಕ್ಕಿಗಳಲ್ಲಿ. ಕುದುರೆಗೂ ಆ ಕಾಯಿಲೆ ಬರುತ್ತದೆ, ಆದರೆ ಕುದುರೆಯಿಂದ ಸೊಳ್ಳೆಯ ಮೂಲಕ ನಮಗೆ ದಾಟುವುದಿಲ್ಲ. ನಿಮ್ಮ ಜಿಲ್ಲೆಯಲ್ಲಿ ಮಕ್ಕಳಿಗೆ ಅದರ ಲಸಿಕೆ ಕೊಡುತ್ತಾರೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಸಂಜೆ ಸೊಳ್ಳೆಪರದೆ, ಬಾಗಿಲಿಗೆ ಜಾಲರಿ ಇರಲಿ.

ಇವೆಲ್ಲಕ್ಕಿಂತ ದಿನನಿತ್ಯದ ಅಪಾಯ ಒದೆ. ಕುದುರೆಗೆ ತನ್ನ ಸುತ್ತ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಹಣೆಯ ಮುಂದೆ ತೀರ ಹತ್ತಿರ ಮಾತ್ರ ಕಾಣದು. ಮಕ್ಕಳು ಹಿಂದಿನಿಂದ ಓಡಿಬರಬಾರದು, ಭುಜದ ಪಕ್ಕದಿಂದ ಮಾತಾಡುತ್ತ ಬರಬೇಕು, ಅದೂ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಜೊತೆಗಿದ್ದಾಗ ಮಾತ್ರ.

ಪ್ರಶ್ನೆ: ನಾನು ತೋಟ ವಿನ್ಯಾಸ ಮಾಡುವವಳು. ಲಾಯದ ಬೇಲಿಯುದ್ದಕ್ಕೂ ನೀರು ಕಡಿಮೆ ಬೇಡುವ, ವರ್ಷವಿಡೀ ಹೂಬಿಡುವ ಕಣಗಿಲೆ ಹಾಕೋಣವೆಂದಿದ್ದೇನೆ. ಲಾಯದ ಮುದುಕರೊಬ್ಬರು ಕೈಮುಗಿದು ಬೇಡ ಎಂದರು. ಸುಮ್ಮನೆ ಹೆದರುತ್ತಿದ್ದಾರೆಯೇ?
(ಬೆಂಗಳೂರಿನ ಓದುಗರು)

ಉತ್ತರ: ಅವರಿಗೆ ನೀವೇ ಕೈಮುಗಿಯಬೇಕು. ಕಣಗಿಲೆಯ ಎಲೆ ಕುದುರೆಯ ಹೃದಯವನ್ನು ನಿಲ್ಲಿಸುವ ವಿಷ, ಹತ್ತಿಪ್ಪತ್ತು ಎಲೆ ಒಂದು ದೊಡ್ಡ ಕುದುರೆಗೆ ಸಾಕು. ಒಣಗಿದರೂ ವಿಷ ಹೋಗುವುದಿಲ್ಲ. ಹಸಿ ಎಲೆ ಕಹಿಯೆಂದು ಬಿಟ್ಟ ಕುದುರೆ, ಸವರಿ ಬಿಸಾಕಿದ ಒಣ ಎಲೆಯನ್ನು ಹುಲ್ಲಿನ ಜೊತೆ ತಿಂದುಬಿಡುತ್ತದೆ. ಕುದುರೆಗೆ ವಾಂತಿ ಮಾಡಲು ಬಾರದು, ತಿಂದದ್ದು ಹೊರಗೆ ಬರುವುದಿಲ್ಲ. ಹಳದಿ ಕಣಗಿಲೆ, ಹರಳು, ಉಮ್ಮತ್ತಿ, ಲಂಟಾನ, ಬೆಣ್ಣೆಹಣ್ಣಿನ ಗಿಡ ಇವೂ ಬೇಲಿಯ ಹತ್ತಿರ ಬೇಡ. ದಾಸವಾಳ ಹಾಕಿ, ಅದೂ ವರ್ಷವಿಡೀ ಹೂಬಿಡುತ್ತದೆ.

ಇನ್ನೊಂದು ಮಾತು ನಿಮ್ಮ ಮಾಲಿಗಳಿಗೆ. ಹುಲ್ಲುಹಾಸು ಕತ್ತರಿಸಿದ ತುಂಡುಗಳನ್ನು ಪ್ರೀತಿಯಿಂದ ಬೇಲಿಯಾಚೆ ಎಸೆಯುವ ಅಭ್ಯಾಸವಿರುತ್ತದೆ. ರಾಶಿಯಲ್ಲಿ ಕಾವು ಏರಿ ಹುಳಿತ ಆ ಹುಲ್ಲು ತಿಂದರೆ ಕುದುರೆಗೆ ಹೊಟ್ಟೆಶೂಲೆ ಬರುತ್ತದೆ, ಎಷ್ಟೋ ಸಲ ಅದೇ ಪ್ರಾಣ ತೆಗೆಯುತ್ತದೆ. ಅತಿಥಿಗಳು ಕೊಡುವ ಬ್ರೆಡ್ಡು, ಚಪಾತಿ, ಸಿಹಿತಿಂಡಿಗೂ ಇದೇ ಮಾತು. ಬೇಲಿಯನ್ನು ಜೋಡಿ ಮಾಡಿ, ನಡುವೆ ಎರಡು ಮೂರು ಮೀಟರ್ ಬಿಟ್ಟರೆ ಕೈಯೂ ತಲುಪದು, ಮೂತಿಯೂ ತಲುಪದು.

ಪ್ರಶ್ನೆ: ನಾನು ನಮ್ಮೂರ ಕೆರೆ ಬಳಕೆದಾರರ ಸಂಘದಲ್ಲಿದ್ದೇನೆ. ಈಗಾಗಲೇ ಲಾಯದ ತೊಳೆದ ನೀರು ಮಳೆಗಾಲದಲ್ಲಿ ಕೆರೆಗೆ ಸೇರುತ್ತಿದೆ. ಮೇಲೆ ಹೋಟೆಲಿನ ಕೊಳಚೆಯೂ ಬಂದರೆ ಮೀನು, ದನಕರು, ಅಚ್ಚುಕಟ್ಟಿನ ಗದ್ದೆ ಎಲ್ಲದರ ಗತಿ ಏನು? ಕೆರೆಗೆ ಹೋಗುವ ದಾರಿಗೂ ಗೇಟು ಹಾಕುತ್ತಾರೆಂಬ ಸುದ್ದಿ.
(ರಾಮನಗರದ ಕಡೆಯ ಓದುಗರು)

ಉತ್ತರ: ಬೆಳ್ಳಂದೂರು ಕೆರೆಯ ನೊರೆಯನ್ನೂ ಬೆಂಕಿಯನ್ನೂ ಟಿವಿಯಲ್ಲಿ ಕಂಡ ಯಾರಿಗಾದರೂ ನಿಮ್ಮ ಆತಂಕ ಅರ್ಥವಾಗುತ್ತದೆ. ಒಳ್ಳೆಯ ಸುದ್ದಿ ಎಂದರೆ ನಿಮ್ಮ ಕೆರೆ ಇನ್ನೂ ಕೆಟ್ಟಿಲ್ಲ, ಕೇಳುವ ಹಕ್ಕು ನಿಮಗಿದೆ.

ಮೊದಲು ಕೆರೆಯ ಗಡಿ ಎಲ್ಲಿ ಎಂದು ಗೊತ್ತುಮಾಡಿಕೊಳ್ಳಿ. ಬೇಸಿಗೆಯಲ್ಲಿ ನೀರು ನಿಂತಿರುವ ಅಂಚು ಗಡಿಯಲ್ಲ. ಕೆರೆ ತುಂಬಿ ಕೋಡಿ ಬೀಳುವಾಗ ನೀರು ಎಲ್ಲಿಯವರೆಗೆ ಬರುತ್ತದೋ ಅದು ಪೂರ್ಣ ಜಲಮಟ್ಟ. ಬರಗಾಲದಲ್ಲಿ ಒಣಗಿದ ಕೆರೆಯಂಗಳವನ್ನೇ ‘ನೀರಿನ ಪಕ್ಕದ ಜಾಗ’ ಎಂದು ತೋರಿಸಿ ಮಾರಿದವರಿದ್ದಾರೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ದುಬಾರಿ ಬಡಾವಣೆಗಳಲ್ಲಿ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. ಕೆರೆ, ಕಾಲುವೆಗಳ ಗಡಿಯನ್ನು ಮರೆತು ಕಟ್ಟಿದ್ದು ಅದಕ್ಕೊಂದು ಕಾರಣ. ಗ್ರಾಮ ನಕ್ಷೆ ತೆಗೆಸಿ, ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ನೋಡಿ, ಆಮೇಲೆ ಭೂಮಾಪಕರಿಂದ ಅಳತೆ ಮಾಡಿಸಲು ಅರ್ಜಿ ಹಾಕಿ.

ಕೆರೆಯಿಂದ ಎಷ್ಟು ದೂರ ಬಿಡಬೇಕೆಂಬ ಅಳತೆ ಹಲವು ಸಲ ಓಲಾಡಿದೆ. ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದಿತ್ತು, 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 30 ಮೀಟರ್ ಬಹುಕಾಲ ಚಾಲ್ತಿಯಲ್ಲಿದ್ದ ಅಳತೆ. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅದನ್ನು ಬದಲಿಸುವ ತಿದ್ದುಪಡಿ 2025ರಲ್ಲಿ ವಿಧಾನಮಂಡಲಕ್ಕೆ ಬಂತು. ಹೀಗಾಗಿ ಈ ದಿನ ನಿಮ್ಮ ಕೆರೆಗೆ ಅನ್ವಯಿಸುವ ಅಳತೆ ಯಾವುದೆಂದು ಜಿಲ್ಲಾಧಿಕಾರಿ ಕಚೇರಿಯಿಂದ ಬರವಣಿಗೆಯಲ್ಲೇ ಪಡೆಯಿರಿ. ಹೋಟೆಲಿನವರಿಗೆ ನನ್ನ ಸಲಹೆ ಕೇಳಿದರೆ, ಕಾನೂನು ಎಷ್ಟೇ ಕಡಿಮೆ ಮಾಡಿದರೂ 30 ಮೀಟರ್ ಬಿಡಿ ಎನ್ನುತ್ತೇನೆ.

ಕೊಳಚೆ ನೀರಿನ ಲೆಕ್ಕ ನೀವೇ ಹಾಕಬಹುದು. ಹೋಟೆಲಿನಲ್ಲಿ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಎಂಬುದು ರೂಢಿಯ ಅಂದಾಜು. 30 ಕೋಣೆ, 60 ಹಾಸಿಗೆ ಎಂದರೆ ಸುಮಾರು 11,000 ಲೀಟರ್. ನೌಕರರ ಬಳಕೆ, ಮದುವೆಯ ಜನ ಬೇರೆ. ಇದಕ್ಕೆ ಶುದ್ಧೀಕರಣ ಘಟಕ ಬೇಕು, ಶುದ್ಧವಾದ ನೀರೂ ತೋಟಕ್ಕೆ, ಶೌಚಾಲಯಕ್ಕೆ ಹೋಗಬೇಕು, ಕೆರೆಗಲ್ಲ. ಕಟ್ಟುವ ಮೊದಲೊಂದು, ನಡೆಸುವ ಮೊದಲೊಂದು ಸಮ್ಮತಿ ಪತ್ರವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ತೆಗೆದುಕೊಳ್ಳಬೇಕು. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಕೃಷಿ ಜಮೀನಾಗಿದ್ದರೆ ಭೂ ಪರಿವರ್ತನೆ ಆಗಿರಬೇಕು. ಈ ಕಾಗದಗಳ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಲಾಯದ ನೀರನ್ನೂ ಹೀಗೇ ಸರಿಪಡಿಸಬೇಕು. ಲದ್ದಿಯಲ್ಲಿರುವ ಸಾರಜನಕ, ರಂಜಕ (ಗಿಡ ಬೆಳೆಸುವ ಸತ್ವಗಳು) ಕೆರೆಗೆ ಸೇರಿದರೆ ಪಾಚಿ, ಜೊಂಡು, ಅಂತರಗಂಗೆ ಹಬ್ಬುತ್ತವೆ. ಪಾಚಿ ಹೆಚ್ಚಿದ ಕೆರೆಯಲ್ಲಿ ರಾತ್ರಿಯೆಲ್ಲ ಆಮ್ಲಜನಕ ಕಡಿಮೆಯಾಗುತ್ತ ಹೋಗಿ, ಬೆಳಗಿನ ಜಾವ ಮೀನು ಬಾಯಿಬಿಡುತ್ತ ಮೇಲೆ ತೇಲುತ್ತವೆ. ಕುದುರೆ ತೊಳೆಯುವ ಕಟ್ಟೆಯ ನೀರು ಮೊದಲು ಒಂದು ತೊಟ್ಟಿಯಲ್ಲಿ ತಂಗಿ, ಆಮೇಲೆ ಮೇವಿನ ಹುಲ್ಲಿನ ಪಟ್ಟಿಗೆ ಹರಿಯಲಿ. ಹೋಟೆಲು ಬರುವ ನೆಪದಲ್ಲಿ ಇಬ್ಬರ ಚರಂಡಿಯನ್ನೂ ಒಟ್ಟಿಗೆ ಮಾಡಿಸಿಕೊಳ್ಳಿ, ಇಂಥ ಅವಕಾಶ ಮತ್ತೆ ಸಿಗದು.

ದಾರಿಯ ಬಗ್ಗೆ ಗಟ್ಟಿಯಾಗಿರಿ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿ ಗುರುತಾಗಿದ್ದರೆ ಅದಕ್ಕೆ ಗೇಟು ಹಾಕುವಂತಿಲ್ಲ. ತಹಶೀಲ್ದಾರರಿಗೆ ಈಗಲೇ ಅರ್ಜಿ ಕೊಡಿ, ಗೇಟು ನಿಂತ ಮೇಲೆ ತೆಗೆಸುವುದು ಕಷ್ಟ.

ಪ್ರಶ್ನೆ: ನಮ್ಮ ರೆಸಾರ್ಟು ಮುಂದಿನ ವರ್ಷ ತೆರೆಯುತ್ತದೆ. ಪಕ್ಕದ ಲಾಯದವರೊಂದಿಗೆ ಸೇರಿ ಅತಿಥಿಗಳಿಗೆ ಕೆರೆ ಏರಿಯ ಮೇಲೆ ಕುದುರೆ ಸವಾರಿ ಇಡೋಣವೆಂದಿದ್ದೇವೆ. ಯಾರಾದರೂ ಬಿದ್ದರೆ ಎಂಬ ಅಂಜಿಕೆಯೂ ಇದೆ.
(ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ಅಂಜಿಕೆ ಇರುವುದು ಒಳ್ಳೆಯದು, ಅದೇ ನಿಮ್ಮನ್ನು ಕಾಯುತ್ತದೆ. ಸವಾರಿ ಖಂಡಿತ ಇಡಬಹುದು. ಊಟಿಯ ಕೆರೆಯ ಬಳಿ, ಮಹಾಬಳೇಶ್ವರದ ವೆಣ್ಣಾ ಕೆರೆಯ ಬಳಿ ಪ್ರವಾಸಿಗರು ಎಷ್ಟೋ ಕಾಲದಿಂದ ಕುದುರೆ ಹತ್ತುತ್ತಿದ್ದಾರೆ.

ಏರಿಯ ಮೇಲೆ ಮಾತ್ರ ಬೇಡ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಕುದುರೆ ಬೆದರಿದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಗೊರಸು ಕುಟ್ಟಿ ಕುಟ್ಟಿ ಏರಿಯ ಮಣ್ಣೂ ಸಡಿಲವಾಗುತ್ತದೆ, ಅಚ್ಚುಕಟ್ಟಿನ ರೈತರು ಸುಮ್ಮನಿರುವುದಿಲ್ಲ. ನಿಮ್ಮ ಜಮೀನಿನೊಳಗೇ ಮರಳು ಹಾಸಿದ, ಎರಡೂ ಕಡೆ ಬೇಲಿ ಇರುವ ಓಣಿ ಮಾಡಿ. ಅದು ಕಾರಿನ ದಾರಿಯನ್ನು ದಾಟಬಾರದು.

ಕುದುರೆ ತನ್ನ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದು ಎಂಬುದು ಸವಾರಿಯವರ ರೂಢಿ. 400 ಕಿಲೋ ಕುದುರೆಗೆ ಜೀನು ಸೇರಿ 80 ಕಿಲೋ. ಅಷ್ಟಕ್ಕಿಂತ ಹೆಚ್ಚು ತೂಕದ ಅತಿಥಿಗೆ ಇಲ್ಲವೆನ್ನಲು ನಿಮ್ಮ ಸ್ವಾಗತಕಾರರು ಸಂಕೋಚಪಡುತ್ತಾರೆ, ಅದಕ್ಕೇ ತೂಕದ ಯಂತ್ರವೊಂದನ್ನು ಹತ್ತುವ ಕಟ್ಟೆಯ ಪಕ್ಕದಲ್ಲಿಡಿ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ 1965ರ ನಿಯಮಗಳು ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕೊಡುತ್ತವೆ. ನೀವು ಬಿಸಿಲು ಎಷ್ಟೇ ಇರಲಿ, ಆ ಹೊತ್ತಿನಲ್ಲಿ ಸವಾರಿ ನಿಲ್ಲಿಸಿ. ಹೆಲ್ಮೆಟ್ ಇಲ್ಲದೆ ಯಾರೂ ಹತ್ತಬಾರದು, ಸವಾರರಿಗೂ ಸೈಸುಗಳಿಗೂ ವಿಮೆ ಇರಲಿ. ಸವಾರಿಯ ಹಣದಲ್ಲಿ ಕುದುರೆಯ ಮೇವಿಗೆ, ಲಾಳಕ್ಕೆ, ವೈದ್ಯರಿಗೆ ಎಷ್ಟು ಎಂಬುದನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಇಬ್ಬರೂ ಹಂಚಿಕೊಳ್ಳಿ.

ಇನ್ನು ಒಂದು ಕುದುರೆ ಇಂದು ಹೊರಡಬಹುದೇ ಎಂದು ತೀರ್ಮಾನಿಸುವ ಅಧಿಕಾರ ಅದರ ಸೈಸ್‌ಗೆ ಮಾತ್ರ ಇರಲಿ. ಎಷ್ಟೇ ದೊಡ್ಡ ಅತಿಥಿ ಬಂದು ಕುಳಿತಿದ್ದರೂ ಅವನು ಬೇಡ ಎಂದ ದಿನ ಸವಾರಿ ಇಲ್ಲ. ಇದನ್ನು ಕರಾರಿನ ಮೊದಲ ಸಾಲಾಗಿ ಬರೆಯಿರಿ.